ಮನೆಪಾಠದ ಮೇಷ್ಟ್ರ ಗಾಜಿನ ಜಾಡಿ

ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟುಕೊಂಡ ಗೃಹಿಣಿಯರನ್ನು ಕೇಳಿ ನೋಡಿ. ಮೀನಿನ ಚಿಂತೆಗಿಂತ ಅವರಿಗೆ ಮೀನಲ್ಲದವುಗಳ ಚಿಂತೆಯೇ ಹೆಚ್ಚು. ಅಂಗಡಿಯಿಂದ ಒಂದು ಎಳೆ ನೀರುಗಿಡ ತಂದು ನೆಟ್ಟಿರುತ್ತಾರೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಎಲೆಯ ಅಡಿಯಲ್ಲಿ ಲೋಳೆಯಂಥ ಮುದ್ದೆ ಕಾಣಿಸಿಕೊಳ್ಳುತ್ತದೆ. ಅದು ಬಸವನಹುಳುವಿನ ಮೊಟ್ಟೆ. ಗಾಜಿನ ಮೇಲೆ ತ್ರಿಕೋನದ ತಲೆ, ಅದರಲ್ಲಿ ಎರಡು ಚುಕ್ಕೆ ಕಣ್ಣು ಇರುವ ಚಪ್ಪಟೆ ಹುಳು ಜಾರುತ್ತಾ ಹೋದರೆ ಅದು ಪ್ಲನೇರಿಯಾ. ಇವೆರಡನ್ನೂ ಗುರುತಿಸುವುದು ಕಷ್ಟವಲ್ಲ. ಕಷ್ಟ ಕೊಡುವುದು ಮೂರನೆಯದು. ಅರ್ಧ ಅಂಗುಲಕ್ಕಿಂತ ಚಿಕ್ಕದಾದ, ದಾರದ ತುಂಡಿನಂಥ ಕಾಂಡ. ಅದರ ತುದಿಯಲ್ಲಿ ಐದಾರು ಕೂದಲೆಳೆಗಳು. ನೋಡಿದರೆ ಆಗಷ್ಟೇ ಮೊಳೆತ ಗಿಡ. ತೊಟ್ಟಿಯನ್ನು ಸ್ವಲ್ಪ ತಟ್ಟಿದರೆ ಎಲ್ಲವೂ ಮುದುಡಿ ಸಾಸಿವೆಯಷ್ಟಾಗುತ್ತದೆ. ಕಾದು ಕೂತರೆ ಮತ್ತೆ ಮೆಲ್ಲಗೆ ಉದ್ದವಾಗುತ್ತದೆ.

ನಮ್ಮ ಬೀದಿಯ ಹುಡುಗಿಯೊಬ್ಬಳು ಇಂಥದ್ದನ್ನೇ ಜಾಮಿನ ಬಾಟಲಿಯಲ್ಲಿ ತಂದು, "ಟೀಚರ್, ಇದು ಗಿಡವೋ ಹುಳವೋ?" ಎಂದು ಕೇಳಿದಳು. ನಾನು ಇತಿಹಾಸದ ಪಾಠ ಹೇಳುವವಳು, ವಿಜ್ಞಾನದವಳಲ್ಲ. ಆದರೂ ಈ ಪ್ರಶ್ನೆಗೆ ನನ್ನ ಕಪಾಟಿನಲ್ಲೇ ಉತ್ತರವಿತ್ತು. ಇದೇ ಪ್ರಶ್ನೆಯನ್ನು 1740ರಲ್ಲಿ ಒಬ್ಬ ಮನೆಪಾಠದ ಮೇಷ್ಟ್ರು ಕೇಳಿಕೊಂಡಿದ್ದರು. ಉತ್ತರ ಸಿಕ್ಕಾಗ ಯುರೋಪಿನ ಪಂಡಿತರೆಲ್ಲ ತಲೆ ಕೆಡಿಸಿಕೊಂಡರು.

ಅವರ ಹೆಸರು ಏಬ್ರಹಾಂ ಟ್ರೆಂಬ್ಲೆ. ಜಿನೀವಾದಲ್ಲಿ 1710ರಲ್ಲಿ ಹುಟ್ಟಿದವರು. ಹೊಟ್ಟೆಪಾಡಿಗಾಗಿ ಹಾಲೆಂಡಿಗೆ ಬಂದು, ಹೇಗ್ ನಗರದ ಹತ್ತಿರ ಸಾರ್ಗ್‌ವ್ಲೀಟ್ ಎಂಬ ದೊಡ್ಡ ತೋಟದ ಮನೆಯಲ್ಲಿ ಕೌಂಟ್ ವಿಲಿಯಂ ಬೆಂಟಿಂಕ್ ಎಂಬ ಶ್ರೀಮಂತರ ಇಬ್ಬರು ಗಂಡುಮಕ್ಕಳಿಗೆ ಪಾಠ ಹೇಳಲು ನಿಂತರು. ಬೆಂಟಿಂಕ್ ಎಂದಕೂಡಲೇ ನಮಗೆ ಬೇರೊಬ್ಬರ ನೆನಪಾಗುತ್ತದೆ, ಅಲ್ಲವೇ? 1829ರಲ್ಲಿ ಸತಿ ಪದ್ಧತಿಯನ್ನು ನಿಷೇಧಿಸಿದ, 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡ ಗವರ್ನರ್ ಜನರಲ್ ಅದೇ ವಂಶದ ಕುಡಿ. ಹಾಲೆಂಡಿನ ಈ ಕೌಂಟ್ ಅವರ ಮುತ್ತಜ್ಜನ ಮಲತಮ್ಮ.

ಅದಿರಲಿ. ಆ ಮನೆಯಲ್ಲಿ 1740 ಸುಖದ ವರ್ಷವಾಗಿರಲಿಲ್ಲ. ಮಕ್ಕಳ ತಾಯಿ ಷಾರ್ಲೆಟ್ ಸೋಫಿ ಆ ವರ್ಷವೇ ಗಂಡನಿಂದ ಬೇರೆಯಾದರು. ದೊಡ್ಡ ಹುಡುಗನಿಗೆ ಇನ್ನೂ ಆರು ತುಂಬಿರಲಿಲ್ಲ, ಚಿಕ್ಕವನಿಗೆ ಮೂರು ತುಂಬಿರಲಿಲ್ಲ. ಇಂಥ ಮನೆಯಲ್ಲಿ ಇಂಥ ವಯಸ್ಸಿನ ಮಕ್ಕಳನ್ನು ಕೂರಿಸಿ ವ್ಯಾಕರಣ ಉರು ಹೊಡೆಸುವುದು ಎಂಥ ಕೆಲಸವೆಂದು ಪಾಠ ಹೇಳಿದವರಿಗೆ ಗೊತ್ತು. ಟ್ರೆಂಬ್ಲೆ ಮಕ್ಕಳನ್ನು ಕರೆದುಕೊಂಡು ತೋಟಕ್ಕೆ ಹೋದರು. ಕಾಲುವೆಯ ನೀರನ್ನು ಗಿಡಗಳ ಸಮೇತ ಗಾಜಿನ ಜಾಡಿಗಳಲ್ಲಿ ತುಂಬಿ ಕಿಟಕಿಯ ಮೇಲೆ ಸಾಲಾಗಿ ಇಟ್ಟರು. ಅವರ ಪುಸ್ತಕದ ಚಿತ್ರಗಳಲ್ಲಿ ಮೇಷ್ಟ್ರ ಜೊತೆ ಆ ಹುಡುಗರೂ ಇದ್ದಾರೆ. ನನಗೆ ಬಹಳ ಇಷ್ಟವಾದ ಸಂಗತಿಯಿದು.

ಜೂನ್ ತಿಂಗಳಲ್ಲಿ ಆ ಜಾಡಿಯೊಂದರಲ್ಲಿ ಹಸಿರು ಬಣ್ಣದ ಪುಟ್ಟ ಎಳೆಗಳು ಕಂಡವು. ಬಣ್ಣ, ಆಕಾರ ಎರಡೂ ಗಿಡದವು. ಆದರೆ ತೋಳುಗಳು ಅಲುಗುತ್ತಿದ್ದವು. ಮುಟ್ಟಿದರೆ ಮುನಿಯುವ ಗಿಡ ಇಲ್ಲವೇ, ಹಾಗೆಯೇ ಇದೂ ಇರಬಹುದು ಎನ್ನಬಹುದಿತ್ತು. ಆಮೇಲೆ ಅವು ಜಾಗ ಬದಲಿಸುವುದೂ ಕಂಡಿತು. ಬೆಳಕಿದ್ದ ಕಡೆಗೆ ಹೆಚ್ಚು ಸೇರುತ್ತಿದ್ದವು. ಜಾಡಿ ತಿರುಗಿಸಿ ಇಟ್ಟರೆ ಕೆಲವು ದಿನಗಳಲ್ಲಿ ಮತ್ತೆ ಬೆಳಕಿನ ಬದಿಗೇ ಬಂದು ಸೇರುತ್ತಿದ್ದವು. ಹಾಗಾದರೆ ಪ್ರಾಣಿ ಎನ್ನೋಣವೆಂದರೆ, ಒಂದಕ್ಕೆ ಆರು ತೋಳು, ಇನ್ನೊಂದಕ್ಕೆ ಎಂಟು. ಪ್ರಾಣಿಗಳಿಗೆ ಕಾಲಿನ ಲೆಕ್ಕ ಖಚಿತ. ಕೊಂಬೆ, ಬೇರುಗಳಿಗೆ ತಾನೇ ಲೆಕ್ಕವಿಲ್ಲದಿರುವುದು? ಮತ್ತೆ ಅನುಮಾನ.

ಇದನ್ನು ಬಗೆಹರಿಸಲು ಅವರು ಹಿಡಿದ ದಾರಿ ನಮ್ಮ ಹಿತ್ತಲಿನದೇ. ದಾಸವಾಳದ ಕಡ್ಡಿ ಕತ್ತರಿಸಿ ನೆಟ್ಟರೆ ಎರಡೂ ಬದುಕುತ್ತವೆ, ಕೋಳಿಯನ್ನು ಎರಡು ಮಾಡಿದರೆ ಎರಡೂ ಸಾಯುತ್ತವೆ. ಇದನ್ನೂ ಕತ್ತರಿಸಿ ನೋಡಿದರಾಯಿತು. 1740ರ ನವೆಂಬರ್ 25ರಂದು ಅವರು ಆ ಜೀವಿಯನ್ನು ಅಡ್ಡಲಾಗಿ ಎರಡು ಮಾಡಿದರು. ಒಂದಿಷ್ಟು ನೀರಿನೊಡನೆ ಅಂಗೈಯಲ್ಲಿ ಇಟ್ಟುಕೊಂಡು ಸಣ್ಣ ಕತ್ತರಿಯಿಂದ ಕತ್ತರಿಸುವುದು ಅವರ ಕ್ರಮ. ತೋಳಿದ್ದ ಭಾಗ ಬದುಕಿತು, ಅದರಲ್ಲಿ ಆಶ್ಚರ್ಯವಿಲ್ಲ. ಬರೀ ಬಾಲದ ತುಂಡೂ ಸಾಯಲಿಲ್ಲ. ಒಂಬತ್ತನೆಯ ದಿನ ಅದರ ತುದಿಯಲ್ಲಿ ಮೂರು ಸಣ್ಣ ಮೊನೆಗಳು ಮೂಡಿದವು. ಅವೇ ಬೆಳೆದು ತೋಳುಗಳಾದವು. ಒಂದು ಇದ್ದದ್ದು ಎರಡಾಯಿತು.

ಲೆಕ್ಕದ ಪ್ರಕಾರ ಅದು ಗಿಡವೆಂದು ತೀರ್ಮಾನವಾಗಬೇಕಿತ್ತು. ಆದರೆ ಅದು ತೋಳಿನಿಂದ ಹುಳುಗಳನ್ನು ಹಿಡಿದು ಬಾಯಿಗೆ ಇಟ್ಟುಕೊಂಡು ನುಂಗುತ್ತಿತ್ತು! ಟ್ರೆಂಬ್ಲೆ ತಾವೇ ತೀರ್ಪು ಕೊಡಲಿಲ್ಲ. ಪ್ಯಾರಿಸಿನಲ್ಲಿದ್ದ ರೇಮೂರ್ ಎಂಬ ಹಿರಿಯ ವಿಜ್ಞಾನಿಗೆ ಪತ್ರ ಬರೆದರು, 1741ರಲ್ಲಿ ಜೀವಿಗಳನ್ನೇ ಕಳಿಸಿದರು. ಮೊದಲು ಕಳಿಸಿದವು ದಾರಿಯಲ್ಲೇ ಸತ್ತವು; ಬಾಟಲಿಯ ಬಾಯಿಗೆ ಅರಗು ಮೆತ್ತಿ ಗಾಳಿಯಾಡದಂತೆ ಮಾಡಿದ್ದರ ಫಲ. ಎರಡನೆಯ ಸಲ ಜೀವಂತವಾಗಿ ತಲುಪಿದವು. ರೇಮೂರ್ ನೋಡಿ ಪ್ರಾಣಿಯೇ ಎಂದರು, ತಾವೂ ಕತ್ತರಿಸಿದರು, ನಂಬಲಾರದೆ ಮತ್ತೆ ಮತ್ತೆ ನೋಡಿ ನಂಬಿದರು. ಅಕ್ಟೋಪಸ್ಸಿನ ಹಾಗೆ ತೋಳುಗಳಿವೆಯೆಂದು ಪಾಲಿಪ್ ಎಂಬ ಹೆಸರು ಬಂತು. ಮುಂದೆ ಟ್ರೆಂಬ್ಲೆ ಒಂದರ ತಲೆಯನ್ನು ಉದ್ದಕ್ಕೆ ಸೀಳಿ ಸೀಳಿ ಏಳು ತಲೆ ಬರಿಸಿದರು. ತಲೆ ಕಡಿದಷ್ಟೂ ಬೆಳೆಯುವ ಗ್ರೀಕ್ ಪುರಾಣದ ಸರ್ಪದ ಹೆಸರು, ಹೈಡ್ರಾ, ಅದಕ್ಕೆ ಅಂಟಿಕೊಂಡಿದ್ದು ಹೀಗೆ. ನಮಗಾದರೆ ರಕ್ತಬೀಜ ಎನ್ನಿಸುತ್ತಿತ್ತೇನೋ.

ಹಂದಿಯ ಬಿರುಗೂದಲನ್ನು ಬಳಸಿ, ರವಿಕೆಯ ತೋಳನ್ನು ಮಗುಚಿದಂತೆ, ಆ ಜೀವಿಯ ಒಳಗನ್ನು ಹೊರಗೆ ಮಾಡಿದ್ದೂ ಉಂಟು. ಈ ಎಲ್ಲವನ್ನೂ 1744ರಲ್ಲಿ ಪುಸ್ತಕವಾಗಿ ತಂದರು. ಅದಕ್ಕೆ ಒಂದು ವರ್ಷ ಮೊದಲೇ ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕಾಪ್ಲೆ ಪದಕ ಕೊಟ್ಟಿತ್ತು. ಅವರ ದೊಡ್ಡ ಗುಣವೆಂದರೆ, ಕೇಳಿದವರಿಗೆಲ್ಲ ಹೈಡ್ರಾಗಳನ್ನು ಕಳಿಸಿ, ಸಾಕುವ ಬಗೆಯನ್ನೂ ತಿಳಿಸುತ್ತಿದ್ದರು. ಇದಕ್ಕೂ ಮೊದಲು, 1702ರಲ್ಲಿ, ಲೀವೆನ್‌ಹುಕ್ ಇದೇ ಜೀವಿಯನ್ನು ಕಂಡು ಬರೆದಿದ್ದರು ನಿಜ. ಆದರೆ ಅವರು ಕತ್ತರಿಸಿ ನೋಡಲಿಲ್ಲ.

ಪಂಡಿತರ ತಲೆನೋವು ಏನೆಂದರೆ ಆತ್ಮದ್ದು. ಪ್ರಾಣಿಗೆ ಒಂದು ಆತ್ಮವಿದ್ದರೆ, ಎರಡು ತುಂಡಾದಾಗ ಆತ್ಮವೂ ತುಂಡಾಯಿತೇ? ಟ್ರೆಂಬ್ಲೆಯ ಬಂಧು ಚಾರ್ಲ್ಸ್ ಬಾನೆ ಈ ಬಗ್ಗೆ ಬಹಳ ತೊಳಲಾಡಿದರು. ಲಾ ಮೆಟ್ರಿ ಎಂಬ ನಾಸ್ತಿಕ 1747ರಲ್ಲಿ ಮನುಷ್ಯನೇ ಒಂದು ಯಂತ್ರವೆಂದು ವಾದಿಸುವಾಗ ಈ ಪಾಲಿಪ್ಪನ್ನೂ ಎಳೆದು ತಂದ. ಟ್ರೆಂಬ್ಲೆ ಮಾತ್ರ ಕಂಡದ್ದನ್ನು ಹೇಳಿ ಸುಮ್ಮನಾದರು. ಮೇಷ್ಟ್ರಲ್ಲವೇ, ಮುಂದೆ 1775ರಲ್ಲಿ ತಂದೆಯೊಬ್ಬ ಮಕ್ಕಳಿಗೆ ಹೇಳುವ ಪಾಠಗಳ ಪುಸ್ತಕ ಬರೆದರು.

ಈ ಕಥೆ ಹೇಳಿದ ಮೇಲೆ ಆ ಹುಡುಗಿ ಕೇಳಿದ್ದು, "ಈಗ ಇದನ್ನು ಹೆರೆದು ತೆಗೆಯಲೇ?" ಎಂದು. ಬೇಡವೆಂದೆ. ದೊಡ್ಡ ಮೀನುಗಳಿಗೆ ಹೈಡ್ರಾದಿಂದ ತೊಂದರೆಯಿಲ್ಲ, ಆಗತಾನೇ ಹುಟ್ಟಿದ ಮರಿಗಳನ್ನು ಮಾತ್ರ ಅದು ಕುಟುಕಿ ಹಿಡಿಯುತ್ತದೆ. ಬ್ಲೇಡಿನಿಂದ ಹೆರೆದು ಚೂರು ಮಾಡಿದರೆ ಒಂದಕ್ಕೆ ನಾಲ್ಕಾದೀತು. ಮೀನಿಗೆ ಆಹಾರ ಹಾಕುವುದು ಕಡಿಮೆ ಮಾಡಿದರೆ ಅದೂ ತಾನಾಗಿ ಕಡಿಮೆಯಾಗುತ್ತದೆ.

ಹೈಡ್ರಾದ ಕಥೆಯಲ್ಲಿ ನಮ್ಮವಳೊಬ್ಬಳು ಇದ್ದಾಳೆ, ಅವಳನ್ನು ಬಿಟ್ಟರೆ ತಪ್ಪಾಗುತ್ತದೆ. ಅಮೆರಿಕದ ಎಥೆಲ್ ಬ್ರೌನ್. 1909ರಲ್ಲಿ, ಇನ್ನೂ ವಿದ್ಯಾರ್ಥಿನಿಯಾಗಿದ್ದಾಗ, ಒಂದು ಹೈಡ್ರಾದ ತೋಳಿನ ಬುಡದ ಚೂರನ್ನು ಇನ್ನೊಂದರ ಪಕ್ಕೆಗೆ ಕಸಿ ಕಟ್ಟಿದಳು. ಅಲ್ಲಿ ಹೊಸದೊಂದು ಹೈಡ್ರಾವೇ ತಲೆಯೆತ್ತಿತು. ಹಸಿರು ಹೈಡ್ರಾ, ಬಣ್ಣ ಕಳೆದ ಬಿಳಿ ಹೈಡ್ರಾ ಎರಡನ್ನೂ ಸೇರಿಸಿ ಮಾಡಿದ್ದರಿಂದ ಯಾವ ಭಾಗ ಯಾರದೆಂದು ಕಣ್ಣಿಗೇ ಕಾಣುತ್ತಿತ್ತು. ಕಸಿ ಕಟ್ಟಿದ ಚೂರು ತಾನು ಬೆಳೆಯುವುದಕ್ಕಿಂತ ಹೆಚ್ಚಾಗಿ ಪಕ್ಕದ ಮೈಯನ್ನೇ ಬೆಳೆಯುವಂತೆ ಮಾಡಿತ್ತು. ಹದಿನೈದು ವರ್ಷಗಳ ನಂತರ, 1924ರಲ್ಲಿ, ಜರ್ಮನಿಯ ಹಾನ್ಸ್ ಸ್ಪೆಮಾನ್ ಮತ್ತು ಅವರ ಶಿಷ್ಯೆ ಹಿಲ್ಡೆ ಮಾಂಗೋಲ್ಡ್ ನೀರುಹಲ್ಲಿಯ ಭ್ರೂಣದಲ್ಲಿ ಇಂಥದೇ ಸಂಗತಿಯನ್ನು ತೋರಿಸಿದರು. ಕೈಯಾರೆ ಕಸಿ ಕಟ್ಟಿದವಳು ಹಿಲ್ಡೆ. ಪುಟ್ಟ ಮಗುವಿನ ತಾಯಿಯಾಗಿದ್ದ ಆಕೆ ಅದೇ ವರ್ಷ ಮನೆಯಲ್ಲಿ ಒಲೆ ಸಿಡಿದು ಸತ್ತಳು. 1935ರ ನೊಬೆಲ್ ಪ್ರಶಸ್ತಿ ಸ್ಪೆಮಾನರೊಬ್ಬರಿಗೇ ಬಂತು. ಎಥೆಲ್‌ಗೆ ಸಲ್ಲಬೇಕಾದ ಪಾಲಿನ ಬಗ್ಗೆ ಹೊವಾರ್ಡ್ ಲೆನಾಫ್ ಎಂಬ ವಿಜ್ಞಾನಿ ವಿವರವಾಗಿ ಬರೆದದ್ದು 1991ರಲ್ಲಿ. ಅಷ್ಟರಲ್ಲಿ ಆಕೆ ತೀರಿಕೊಂಡು ಇಪ್ಪತ್ತಾರು ವರ್ಷಗಳಾಗಿದ್ದವು. ಮದುವೆಯಾದ ಮೇಲೆ ಪ್ರಿನ್ಸ್‌ಟನ್ನಿನಲ್ಲಿ ಆಕೆ ಕಡಲುಮುಳ್ಳಿನ ಮೊಟ್ಟೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು, ಅದಕ್ಕಾಗಿ ಹೆಸರನ್ನೂ ಪಡೆದರು. ಕೆಲಸಕ್ಕೆ ಸಿಕ್ಕಿದ್ದ ಜಾಗ, ಗಂಡನ ಪ್ರಯೋಗಾಲಯದ ಒಂದು ಮೂಲೆ.