ಕೆಜಿಎಫ್‌ನ ‘ಏರ್ ಬ್ಲಾಸ್ಟ್’

1904ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಡಬ್ಲ್ಯು. ಎಫ್. ಸ್ಮೀತ್ ಕೋಲಾರದ ಚಿನ್ನದ ಗಣಿಗಳ ಬಗ್ಗೆ ಒಂದು ಪುಸ್ತಿಕೆ ಪ್ರಕಟಿಸಿದರು. ವಿಷಯ, ‘ಏರ್ ಬ್ಲಾಸ್ಟ್’ ಮತ್ತು ನಡುಕಗಳು. ಗಣಿಯ ಆಳದಲ್ಲಿ ಕಲ್ಲು ಇದ್ದಕ್ಕಿದ್ದಂತೆ ಸಿಡಿದಾಗ ಸುರಂಗದೊಳಗೆ ಗಾಳಿ ರಭಸದಿಂದ ನುಗ್ಗುತ್ತಿತ್ತು. ಹೆಸರು ಆ ಗಾಳಿಯದು. ಮುಂದೆ ಅದನ್ನೇ ‘ರಾಕ್ ಬರ್ಸ್ಟ್’, ಶಿಲಾಸ್ಫೋಟ ಎಂದರು. ಈ ಬದಲಾವಣೆ ನನಗೆ ಸಣ್ಣದಾಗಿ ಕಾಣುವುದಿಲ್ಲ. ಗಾಳಿ ಬೀಸಿದ್ದಕ್ಕೆ ಯಾರನ್ನು ಕೇಳುವುದು? ಕಲ್ಲು ಸಿಡಿಯಿತೆಂದರೆ, ಅದನ್ನು ಎಷ್ಟು ಕಡಿದಿರಿ, ಹೇಗೆ ಕಡಿದಿರಿ ಎಂದು ಕೇಳಬಹುದು.

ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿ ಕಾಲಿಟ್ಟದ್ದು 1880ರಲ್ಲಿ. 1898ರಷ್ಟು ಹಿಂದೆಯೇ, ಊರಿಗಾಂ ಗಣಿ ಸುಮಾರು 300 ಮೀಟರ್ ಆಳದಲ್ಲಿದ್ದಾಗ, ಇಂಥ ಸ್ಫೋಟ ದಾಖಲಾಗಿದೆ. ಅದಿರು ತೆಗೆದ ಜಾಗ ಪೊಳ್ಳಾಗುತ್ತದೆ. ಮೇಲಿನ ಬಂಡೆಯ ಭಾರವನ್ನು ಸುತ್ತಲಿನ ಕಲ್ಲೇ ಹೊರಬೇಕು. ಕುಸಿಯದಿರಲೆಂದು ನಡುನಡುವೆ ಕಂಬಗಳಂತೆ ಕಲ್ಲನ್ನು ಉಳಿಸುತ್ತಿದ್ದರು. ಸುತ್ತ ಕಡಿದಷ್ಟೂ ಅವುಗಳ ಮೇಲೆ ಒತ್ತಡ ಏರುತ್ತಿತ್ತು. ಕೋಲಾರದ ಕಲ್ಲು ಗಟ್ಟಿ, ಬಗ್ಗುವ ಜಾತಿಯದಲ್ಲ. ತಡೆಯುವಷ್ಟು ತಡೆದು ಒಮ್ಮೆಗೇ ಒಡೆಯುತ್ತದೆ. ರಕ್ಷಣೆಗೆಂದು ಬಿಟ್ಟ ಕಲ್ಲೇ ಕೊಲ್ಲುತ್ತಿತ್ತು.

1912ರಲ್ಲಿ ಕಂಪನಮಾಪಕ ಬಂತು. ಮರದ ಆಸರೆಯ ಬದಲು ಗ್ರಾನೈಟ್ ಕಲ್ಲಿನ ಕಟ್ಟಡ, ಆಮೇಲೆ ಕಾಂಕ್ರೀಟ್, ಕಂಬ ಬಿಡದೆ ಸಾಲಾಗಿ ಕಡಿಯುವ ಕ್ರಮ, ಇವೆಲ್ಲ ಬರಲು ದಶಕಗಳೇ ಹಿಡಿದವು. ಆಳುಗಳ ಗುರುತು ಹಿಡಿಯುವುದರಲ್ಲಿ ಕಂಪನಿಗಳಿಗೆ ಇಷ್ಟು ತಾಳ್ಮೆ ಇರಲಿಲ್ಲ ಬಿಡಿ: ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಿ ಎಂದಾಗ 1930ರಲ್ಲಿ ಕಾರ್ಮಿಕರು ಮುಷ್ಕರ ಹೂಡಬೇಕಾಯಿತು. ಕಲ್ಲಿನ ದೂಳು ಉಸಿರಿಗೆ ಸೇರಿ ಬರುವ ಸಿಲಿಕೋಸಿಸ್‌ನ ಸಾವು ಅಪಘಾತದ ಲೆಕ್ಕಕ್ಕೂ ಸೇರುವಂಥದ್ದಲ್ಲ. ಭಾರತದಲ್ಲಿ ಆ ಕಾಯಿಲೆಯ ಮೊದಲ ವರದಿ ಬಂದದ್ದೂ ಇಲ್ಲಿಂದಲೇ, 1947ರಲ್ಲಿ.

1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು. ಒಡೆಯರು ಬದಲಾದರೆಂದು ಬಂಡೆಯ ಒತ್ತಡವೇನೂ ಇಳಿಯಲಿಲ್ಲ. 1962ರ ನವೆಂಬರ್‌ನಲ್ಲಿ ಚಾಂಪಿಯನ್ ರೀಫ್ ಗಣಿಯ ಗ್ಲೆನ್ ಭಾಗದಲ್ಲಿ ಭಾರೀ ಶಿಲಾಸ್ಫೋಟಗಳಾದವು. ಆ ಗಣಿ ಕೊನೆಗೆ 3,000 ಮೀಟರ್ ದಾಟಿ ಇಳಿಯಿತು. ದೊಡ್ಡ ಸ್ಫೋಟಗಳಾದಾಗ ಮೇಲಿನ ಮನೆಗಳ ಗೋಡೆಗಳೂ ಬಿರುಕು ಬಿಡುತ್ತಿದ್ದವು. ಒಳಗೆ ಹೋದವರು ಯಾವ ಪಾಳಿಯವರೆಂದು ಲೆಕ್ಕ ಹಾಕಲು ಮನೆಯವರಿಗೆ ಕಂಪನಿಯ ಸುದ್ದಿ ಬರುವವರೆಗೆ ಕಾಯಬೇಕಿರಲಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬುತ್ತಾ ಬಂತು. ನೆಲ ಆಮೇಲೂ ನಡುಗಿದೆ.