ಒಲೆ ಹಚ್ಚದೆ ಮಕ್ಕಳೊಂದಿಗೆ ತಯಾರಿಸುವ ಹಣ್ಣಿನ ತಿನಿಸುಗಳು: ಹುಣಸೆ ಚಿಗಳಿ, ಪೇರಲ, ಬಾಳೆ ಮತ್ತು ಮಾವಿನ ಹಪ್ಪಳ

ಶಾಲೆಗಳಲ್ಲಿ ‘ಬೆಂಕಿ ಇಲ್ಲದ ಅಡುಗೆ’ ಎಂಬ ಸ್ಪರ್ಧೆಗಳು ಈಗ ಸಾಮಾನ್ಯವಾಗಿವೆ. ಅಲ್ಲಿ ಹೆಚ್ಚಾಗಿ ಕಾಣುವುದು ಅಂಗಡಿಯಿಂದ ತಂದ ಬಿಸ್ಕತ್ತು, ಬ್ರೆಡ್ಡು ಮತ್ತು ಜಾಮ್. ಆದರೆ ಒಲೆಯ ಹಂಗಿಲ್ಲದೆ ಮಕ್ಕಳೇ ಮಾಡಿಕೊಳ್ಳುವ ಹಣ್ಣಿನ ತಿನಿಸು ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಹೊಸ ಹುಣಸೆಹಣ್ಣನ್ನು ಬೆಲ್ಲ, ಜೀರಿಗೆ, ಉಪ್ಪು, ಮೆಣಸಿನಪುಡಿಯೊಡನೆ ಕುಟ್ಟಿ ಕಡ್ಡಿಗೆ ಮೆತ್ತಿ ಚೀಪುವ ಚಿಗಳಿ ಇದಕ್ಕೆ ಉತ್ತಮ ಉದಾಹರಣೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ರೈತ ಕುಟುಂಬಗಳು ತಮ್ಮ ಹೊಲ ಮತ್ತು ಹಿತ್ತಲಿನ ಹಣ್ಣಿನಿಂದಲೇ ಇಂತಹ ತಿನಿಸುಗಳನ್ನು ಸುರಕ್ಷಿತವಾಗಿ ತಯಾರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಅಂಗನವಾಡಿ, ಶಾಲೆ ಮತ್ತು ಸ್ವಸಹಾಯ ಸಂಘಗಳಲ್ಲಿ ಪ್ರಾತ್ಯಕ್ಷಿಕೆ ನಡೆಸುವ ವಿಸ್ತರಣಾ ಕಾರ್ಯಕರ್ತರಿಗೂ ಈ ಮಾಹಿತಿ ಅನ್ವಯಿಸುತ್ತದೆ.

ಹಣ್ಣುಗಳ ಲಭ್ಯತೆ

ಕೊಪ್ಪಳ ಜಿಲ್ಲೆಯಲ್ಲಿ ನೀರಾವರಿ ಮತ್ತು ಖುಷ್ಕಿ ಎರಡೂ ಬಗೆಯ ಭೂಮಿಯಿದೆ. ಗಂಗಾವತಿ ಭಾಗದ ಕಾಲುವೆ ಪ್ರದೇಶದಲ್ಲಿ ಭತ್ತವೇ ಪ್ರಧಾನ. ತುಂಗಭದ್ರೆಯ ದಡದ ಆನೆಗೊಂದಿ ಸುತ್ತಮುತ್ತ ಬಾಳೆ ಬೆಳೆಯುತ್ತಾರೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ಆಸರೆಯಲ್ಲಿ ದಾಳಿಂಬೆ, ಮಾವು, ಪೇರಲ ತೋಟಗಳಿವೆ. ಹೇಮಗುಡ್ಡದಂತಹ ಕಲ್ಲುಗುಡ್ಡಗಳ ಸೀಮೆಯಲ್ಲಿ ಹೊಲದ ಬದುವಿನ ಹುಣಸೆ ಮರ, ಬಾರಿಗಿಡ ಮತ್ತು ಸೀತಾಫಲ ಯಾವ ಖರ್ಚೂ ಇಲ್ಲದೆ ಹಣ್ಣು ಕೊಡುತ್ತವೆ. ಹುಣಸೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಮಾವು ಏಪ್ರಿಲ್‌ನಿಂದ ಜೂನ್‌ವರೆಗೆ, ಬಾರಿಹಣ್ಣು ಚಳಿಗಾಲದಲ್ಲಿ ದೊರೆಯುತ್ತದೆ. ಪೇರಲ ಮಳೆಗಾಲ ಮತ್ತು ಚಳಿಗಾಲಗಳೆರಡರಲ್ಲಿಯೂ ಬರುತ್ತದೆ. ಚಳಿಗಾಲದ ಹಣ್ಣಿನಲ್ಲಿ ಹುಳುವಿನ ಬಾಧೆ ಕಡಿಮೆ, ರುಚಿಯೂ ಹೆಚ್ಚು. ಸೀತಾಫಲ ನವರಾತ್ರಿಯ ಆಸುಪಾಸಿನಲ್ಲಿ ಮಾಗುತ್ತದೆ. ಹೇಮಗುಡ್ಡದ ದುರ್ಗಾದೇವಿಯ ದಸರಾಕ್ಕೆ ಹೋಗಿಬರುವವರಿಗೆ ಈ ಕಾಲ ನೆನಪಿಡುವುದು ಕಷ್ಟವಲ್ಲ.

ತೋಟವಿರುವ ಮನೆಯ ಮಕ್ಕಳು ಹಣ್ಣು ತಿನ್ನುತ್ತಾರೆಂದು ಭಾವಿಸುವಂತಿಲ್ಲ. ಒಳ್ಳೆಯ ಹಣ್ಣು ಪೆಟ್ಟಿಗೆಗೆ ಹೋಗುತ್ತದೆ, ವ್ಯಾಪಾರಿ ಬಿಟ್ಟದ್ದು ತಿಪ್ಪೆಗೆ ಹೋಗುತ್ತದೆ, ಮಗುವಿನ ಕೈಗೆ ಐದು ರೂಪಾಯಿಯ ಕರಿದ ತಿನಿಸಿನ ಪೊಟ್ಟಣ ಬರುತ್ತದೆ. ಗಾತ್ರ ಸಣ್ಣದಾಯಿತೆಂದು ಅಥವಾ ಸಿಪ್ಪೆಯ ಮೇಲೆ ಕಲೆಯಿದೆಯೆಂದು ತಿರಸ್ಕೃತವಾದ ಹಣ್ಣಿನ ಪೋಷಕಾಂಶವೇನೂ ಕಡಿಮೆಯಾಗಿರುವುದಿಲ್ಲ.

ಬೆಂಕಿಯ ಕೆಲಸವನ್ನು ಯಾವುದು ಮಾಡಬೇಕು?

ಬೇಯಿಸುವಾಗ ಆಹಾರದಲ್ಲಿನ ರೋಗಾಣುಗಳು ಸಾಯುತ್ತವೆ. ಬೆಂಕಿ ಬಳಸದ ತಿನಿಸಿನಲ್ಲಿ ಆ ರಕ್ಷಣೆ ಇರುವುದಿಲ್ಲ. ಆದುದರಿಂದ ಹಣ್ಣಿನ ಆಯ್ಕೆ, ಶುದ್ಧ ನೀರು ಮತ್ತು ತೊಳೆದ ಕೈ ಇವುಗಳ ಮೇಲೆಯೇ ಸುರಕ್ಷತೆ ನಿಂತಿದೆ. ಹುಳಿ ಮತ್ತು ಬಿಸಿಲು ತಿನಿಸು ಕೆಡದಂತೆ ಕಾಯಲು ನೆರವಾಗುತ್ತವೆಯೇ ಹೊರತು ಕೊಳಕನ್ನು ಶುಚಿ ಮಾಡುವುದಿಲ್ಲ. ಹಣ್ಣನ್ನು ಕುಡಿಯುವ ನೀರಿನಲ್ಲಿಯೇ ಉಜ್ಜಿ ತೊಳೆಯಬೇಕು. ಭತ್ತದ ಗದ್ದೆಗಳಿಂದ ಬಸಿದ ನೀರು ಸೇರುವ ಕಾಲುವೆ ಅಥವಾ ಹಳ್ಳದಲ್ಲಿ ತೊಳೆಯಬಾರದು.

ಔಷಧಿ ಸಿಂಪರಣೆಯ ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ದಾಳಿಂಬೆಯಲ್ಲಿ ದುಂಡಾಣು ಅಂಗಮಾರಿ ಮತ್ತು ಕಾಯಿಕೊರಕದ ಹತೋಟಿಗೆ ಹಲವು ಬಾರಿ ಸಿಂಪರಣೆ ನಡೆಯುತ್ತದೆ. ಪ್ರತಿಯೊಂದು ಪೀಡೆನಾಶಕಕ್ಕೂ ಸಿಂಪರಣೆ ಮತ್ತು ಕೊಯ್ಲಿನ ನಡುವೆ ಕಾಯಬೇಕಾದ ದಿನಗಳನ್ನು ಡಬ್ಬಿಯೊಡನೆ ಬರುವ ಮಾಹಿತಿ ಪತ್ರದಲ್ಲಿ ನಮೂದಿಸಿರುತ್ತಾರೆ. ಮಾರಾಟದ ಹಣ್ಣಿಗೆ ಈ ನಿಯಮ ಪಾಲಿಸುವ ರೈತರೂ, ನಡುವೆ ಉದುರಿದ ಇಲ್ಲವೆ ಬಿರಿದ ಹಣ್ಣನ್ನು ಮಕ್ಕಳು ಆರಿಸಿ ತಿನ್ನುವುದನ್ನು ಗಮನಿಸುವುದಿಲ್ಲ. ಅಂತರ್ವ್ಯಾಪಿ ಔಷಧಿ ಹಣ್ಣಿನೊಳಗೆ ಸೇರಿದ್ದರೆ ಎಷ್ಟು ತೊಳೆದರೂ ಹೋಗದು. ಕಾಯುವ ಅವಧಿ ಮುಗಿಯದ ತೋಟದ ಹಣ್ಣನ್ನು ಯಾವ ಕಾರಣಕ್ಕೂ ಬಳಸಬೇಡಿ. ಮನೆಯ ಉಪಯೋಗಕ್ಕೆಂದು ಹಿತ್ತಲಿನಲ್ಲಿ ಎರಡು ಪೇರಲ ಮತ್ತು ಒಂದು ದಾಳಿಂಬೆ ಗಿಡವನ್ನು ಸಿಂಪರಣೆಯಿಲ್ಲದೆ ಬೆಳೆಸುವುದು ಒಳ್ಳೆಯ ಕ್ರಮ.

ಹುಣಸೆ ಚಿಗಳಿ

ಹುಣಸೆಯನ್ನು ಸಾಮಾನ್ಯವಾಗಿ ಗಳದಿಂದ ಬಡಿದು ನೆಲಕ್ಕೆ ಉದುರಿಸುತ್ತಾರೆ. ಓಡು ಒಡೆದ ಹಣ್ಣಿಗೆ ಮಣ್ಣು, ಹರಳು, ದನದ ಸಗಣಿ ಅಂಟುತ್ತದೆ. ಸಾರಿಗೆ ಹಾಕುವ ಹುಣಸೆ ಹೇಗೂ ಕುದಿಯುತ್ತದೆ, ಚಿಗಳಿ ಕುದಿಯುವುದಿಲ್ಲ. ಆದ್ದರಿಂದ ಮರದ ಕೆಳಗೆ ತಾಡಪಾಲು ಹಾಸಿ ಉದುರಿಸಿ, ಓಡು ಒಡೆಯದ ಹಣ್ಣುಗಳನ್ನು ಮಾತ್ರ ಚಿಗಳಿಗೆಂದು ಬೇರೆ ತೆಗೆದಿಡಬೇಕು. ಕಳೆದ ವರ್ಷದ ಕಪ್ಪಾದ ಹುಣಸೆ ಇದಕ್ಕೆ ಯೋಗ್ಯವಲ್ಲ. ಅದು ಗಟ್ಟಿಯಾಗಿರುತ್ತದೆ, ಹಲವು ವೇಳೆ ಹುಳು ಸೇರಿರುತ್ತದೆ.

ಬೀಜ, ನಾರು ತೆಗೆದ ಹೊಸ ಹುಣಸೆಹಣ್ಣು 250 ಗ್ರಾಂ, ಕಂದು ಬಣ್ಣದ ಬೆಲ್ಲ 200 ಗ್ರಾಂ, ಜೀರಿಗೆ 2 ಚಹಾ ಚಮಚ, ಉಪ್ಪು 1 ಚಮಚ, ಒಣಮೆಣಸಿನ ಪುಡಿ ಅರ್ಧ ಚಮಚ ಬೇಕಾಗುತ್ತದೆ. ಮೊದಲು ಜೀರಿಗೆ ಮತ್ತು ಉಪ್ಪನ್ನು ಒರಳಿನಲ್ಲಿ ಕುಟ್ಟಿ ಪುಡಿ ಮಾಡಿ. ಬಳಿಕ ಹುಣಸೆಹಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ನಾರಿನ ಎಳೆಗಳು ಮೇಲೆ ಬಂದಂತೆಲ್ಲ ತೆಗೆಯುತ್ತ ಕುಟ್ಟಿ. ಕೊನೆಯಲ್ಲಿ ಪುಡಿ ಮಾಡಿದ ಬೆಲ್ಲ ಮತ್ತು ಮೆಣಸಿನಪುಡಿ ಹಾಕಿ, ಮುದ್ದೆ ಒಂದೇ ಬಣ್ಣಕ್ಕೆ ತಿರುಗಿ ಹೊಳೆಯುವವರೆಗೆ ಕುಟ್ಟಬೇಕು. ನೀರು ಸೇರಿಸಬಾರದು, ಸೇರಿಸಿದರೆ ಬೂಸು ಬರುತ್ತದೆ. ಮಿಕ್ಸರ್‌ನಲ್ಲಿ ತಿರುವಿದರೆ ಮುದ್ದೆ ಅಲಗಿಗೆ ಅಂಟಿಕೊಂಡು ನಿಲ್ಲುತ್ತದೆ, ಒರಳೇ ಮೇಲು. ಅಂಗೈಗೆ ಒಂದು ಹನಿ ತುಪ್ಪ ಸವರಿಕೊಂಡು ತಲಾ 15 ಗ್ರಾಂ ತೂಕದ ಉಂಡೆ ಕಟ್ಟಿದರೆ ಸುಮಾರು 30 ಚಿಗಳಿ ಆಗುತ್ತವೆ.

ಹಿಂದೆ ಕಸಬರಿಗೆಯ ಕಡ್ಡಿಯನ್ನೇ ಮುರಿದು ಚುಚ್ಚುತ್ತಿದ್ದುದುಂಟು, ಅದನ್ನು ಬಿಡಬೇಕು. ತೊಳೆದು ಒಣಗಿಸಿದ ಬಿದಿರಿನ ಕಡ್ಡಿ ಅಥವಾ ಐಸ್‌ಕ್ರೀಮ್ ಕಡ್ಡಿ ಸಾಕು. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ ಹೆಚ್ಚಾಗಿರುವುದರಿಂದ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಇಡಬಾರದು. ಸ್ಟೀಲ್ ಡಬ್ಬಿ, ಗಾಜಿನ ಬಾಟಲಿ ಸೂಕ್ತ. ಮುದ್ರಿತ ಕಾಗದದಲ್ಲಿ ಸುತ್ತುವುದೂ ಬೇಡ. ಮೆಕ್ಸಿಕೋದಿಂದ ಅಮೆರಿಕಕ್ಕೆ ಬಂದ ಹುಣಸೆ ಮಿಠಾಯಿಗಳಲ್ಲಿ ಸೀಸ ಪತ್ತೆಯಾದಾಗ, ಅದರ ಮೂಲಗಳಲ್ಲಿ ಹೊದಿಕೆಯ ಮುದ್ರಣ ಶಾಯಿ ಮತ್ತು ಮೆರುಗು ಲೇಪಿಸಿದ ಮಣ್ಣಿನ ಕುಡಿಕೆಗಳು ಸೇರಿದ್ದವು. ನಮ್ಮಲ್ಲಿಯೂ ಆಹಾರವನ್ನು ವೃತ್ತಪತ್ರಿಕೆಯಲ್ಲಿ ಕಟ್ಟಿಕೊಡಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2016ರಲ್ಲಿ ಸೂಚಿಸಿದೆ. ನೀರು ತಾಗದಂತೆ ಇಟ್ಟ ಚಿಗಳಿ ತಿಂಗಳುಗಟ್ಟಲೆ ಕೆಡುವುದಿಲ್ಲ.

ಚಿಗಳಿಯನ್ನು ಪೌಷ್ಟಿಕ ಆಹಾರವೆಂದು ಹೊಗಳುವುದು ಸರಿಯಲ್ಲ. ಪ್ರತಿ ಉಂಡೆಯಲ್ಲಿ 6ರಿಂದ 7 ಗ್ರಾಂ ಬೆಲ್ಲವಿರುತ್ತದೆ, ಹುಣಸೆಯಲ್ಲಿಯೂ ಸಕ್ಕರೆಯಿದೆ. ಹುಣಸೆಯ ‘ಸಿ’ ಜೀವಸತ್ವ ಬಹಳ ಕಡಿಮೆ. ಹುಳಿ ಮತ್ತು ಅಂಟು ಸೇರಿ ಹಲ್ಲಿಗೆ ತೊಂದರೆ ಕೊಡುತ್ತವೆ. ದಿನಕ್ಕೆ ಒಂದು ಸಾಕು. ತಿಂದ ಮೇಲೆ ಬಾಯಿ ಮುಕ್ಕಳಿಸುವುದನ್ನು ರೂಢಿ ಮಾಡಿಸಬೇಕು. ಆದರೂ ಮಕ್ಕಳನ್ನು ಕೆಲಸಕ್ಕೆ ಸೆಳೆಯುವಲ್ಲಿ ಇದನ್ನು ಮೀರಿಸುವ ತಿನಿಸು ಇನ್ನೊಂದಿಲ್ಲ. ತಮಿಳುನಾಡಿನಲ್ಲಿ ಬಾರಿಹಣ್ಣನ್ನು ಇದೇ ರೀತಿ ಬೆಲ್ಲ, ಮೆಣಸಿನೊಡನೆ ಕುಟ್ಟಿ, ತಟ್ಟಿ, ಬಿಸಿಲಿಗೆ ಒಣಗಿಸಿ ಇಲಂದ ವಡೆ ಮಾಡುತ್ತಾರೆ. ನಮ್ಮ ಬದುವಿನ ಬಾರಿಹಣ್ಣಿಗೂ ಅದು ಹೊಂದುತ್ತದೆ. ಬಾರಿಯ ಬೀಜಗಳನ್ನು ಮಾತ್ರ ಪೂರ್ತಿ ತೆಗೆಯಬೇಕು.

ಪೇರಲ ಮತ್ತು ದಾಳಿಂಬೆ

ಪೋಷಣೆಯ ಭಾರವನ್ನು ಹೊರಬೇಕಾದದ್ದು ಪೇರಲ. 100 ಗ್ರಾಂ ಪೇರಲದಲ್ಲಿ ಸುಮಾರು 200 ಮಿಲಿಗ್ರಾಂ ‘ಸಿ’ ಜೀವಸತ್ವವಿದ್ದು, ಒಂದು ಸಾಧಾರಣ ಹಣ್ಣು ಶಾಲಾ ಮಗುವಿನ ದಿನದ ಅಗತ್ಯವನ್ನು ಮೀರಿಸುತ್ತದೆ. ಕಾಳು ಮತ್ತು ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಇದು ನೆರವಾಗುತ್ತದೆ. ಪೇರಲ ಹೋಳುಗಳಿಗೆ ಚಿಟಿಕೆ ಉಪ್ಪು, ಜೀರಿಗೆ ಪುಡಿ ಉದುರಿಸಿ, ಹಿಡಿ ಪುಟಾಣಿ ಮತ್ತು ಹುರಿದ ಶೇಂಗಾದೊಡನೆ ಕೊಟ್ಟರೆ ಸಂಜೆಯ ತಿಂಡಿ ಮುಗಿಯಿತು. ಕತ್ತರಿಸಿಟ್ಟಷ್ಟೂ ‘ಸಿ’ ಜೀವಸತ್ವ ನಷ್ಟವಾಗುವುದರಿಂದ ತಿನ್ನುವ ಹೊತ್ತಿಗೆ ಕತ್ತರಿಸಬೇಕು.

ಬಿರಿದ ದಾಳಿಂಬೆಯನ್ನು ಬಿರಿದ ದಿನವೇ ಬಿಡಿಸಿ ಬಳಸಬಹುದು. ಒಳಗೆ ಕಪ್ಪು ಕೊಳೆ, ಹುಳದ ರಂಧ್ರ ಅಥವಾ ಹುಳಿ ವಾಸನೆ ಕಂಡರೆ ಆ ಭಾಗ ಕತ್ತರಿಸಿ ಉಳಿದದ್ದನ್ನು ತಿನ್ನುವ ಉಳಿತಾಯ ಬೇಡ. ಇಡೀ ಹಣ್ಣನ್ನು ಬಿಸಾಡಿ. ಕಾಳುಗಳನ್ನು ಚುರುಮುರಿ, ಹಸಿ ಕೊಬ್ಬರಿಯೊಡನೆ ಕಲಸಿದರೆ ಮಕ್ಕಳು ಇಷ್ಟಪಡುತ್ತಾರೆ.

ಬಾಳೆಹಣ್ಣು

2021ರ ಡಿಸೆಂಬರ್‌ನಿಂದ ಕೊಪ್ಪಳವೂ ಸೇರಿದಂತೆ ಕೆಲವು ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಅಥವಾ ಬಾಳೆಹಣ್ಣು ಕೊಡುವ ಕಾರ್ಯಕ್ರಮ ಆರಂಭವಾಯಿತು. ಹೀಗಾಗಿ ಬಾಳೆ ಈ ಮಕ್ಕಳಿಗೆ ಪರಿಚಿತ. ಎರಡು ಕಳಿತ ಬಾಳೆಹಣ್ಣನ್ನು ಕಿವಿಚಿ, ನಾಲ್ಕು ಚಮಚ ಹುರಿದ ಶೇಂಗಾ ಪುಡಿ, ಎರಡು ಚಮಚ ಪುಟಾಣಿ ಹಿಟ್ಟು, ಸ್ವಲ್ಪ ಬೆಲ್ಲ ಸೇರಿಸಿ ಉಂಡೆ ಮಾಡಿ, ಒಣ ಕೊಬ್ಬರಿಯ ತುರಿಯಲ್ಲಿ ಹೊರಳಿಸಬೇಕು. ಇದು ಎರಡು ಗಂಟೆಯೊಳಗೆ ತಿಂದು ಮುಗಿಸಬೇಕಾದ ತಿನಿಸು.

ಮಾವಿನ ಹಪ್ಪಳ

ಏಪ್ರಿಲ್-ಮೇ ತಿಂಗಳ ಒಣ ಬಿಸಿಲೇ ಇಲ್ಲಿ ಒಲೆ. ಕಾಯಿಗಳನ್ನು ಭತ್ತದ ಹುಲ್ಲಿನಲ್ಲಿ ಅಡಿ ಹಾಕಿ ಮಾಗಿಸಿ. ಕ್ಯಾಲ್ಸಿಯಂ ಕಾರ್ಬೈಡ್ ಬಳಕೆ ಕಾನೂನಿನಲ್ಲಿ ನಿಷಿದ್ಧ. ಒಂದು ಕಿಲೋ ರಸಕ್ಕೆ 100 ಗ್ರಾಂ ಸಕ್ಕರೆ ಮತ್ತು ಒಂದು ನಿಂಬೆಹಣ್ಣಿನ ರಸ ಸೇರಿಸಿ, ತುಪ್ಪ ಸವರಿದ ಸ್ಟೀಲ್ ತಟ್ಟೆಯಲ್ಲಿ ಬಹಳ ತೆಳುವಾಗಿ ಹರಡಿ. ದಪ್ಪವಾಗಿ ಸುರಿದರೆ ಮೇಲೆ ಪೊರೆ ಕಟ್ಟಿ ಒಳಗೆ ಹುಳಿಯುತ್ತದೆ. ಎಲ್ಲರೂ ಮಾಡುವ ತಪ್ಪು ಇದೇ. ನೊಣ ಕೂರದಂತೆ ತೆಳುಬಟ್ಟೆ ಮುಚ್ಚಿ, ಸಂಜೆ ಒಳಗೆ ತನ್ನಿ. ಒಂದು ಪದರ ಒಣಗಿದ ಮೇಲೆ ಮರುದಿನ ಹೊಸ ರಸದಿಂದ ಇನ್ನೊಂದು ಪದರ ಹಾಕಬೇಕು. ಮೂರು ನಾಲ್ಕು ದಿನಗಳಲ್ಲಿ ತಟ್ಟೆಯಿಂದ ಎದ್ದು ಬರುತ್ತದೆ. ಮೋಡ ಕವಿದ ದಿನ ಆರಂಭಿಸಬೇಡಿ.

ಮಕ್ಕಳಿಗೆ ಕೆಲಸ ಹಂಚುವಾಗ

ಅಂಗನವಾಡಿ ವಯಸ್ಸಿನ ಮಕ್ಕಳು ಹಣ್ಣು ತೊಳೆಯಬಹುದು, ಬಾಳೆಹಣ್ಣು ಕಿವಿಚಬಹುದು. ಐದು ವರ್ಷದೊಳಗಿನವರಿಗೆ ಇಡೀ ಶೇಂಗಾ, ಪುಟಾಣಿ, ಕಡ್ಡಿ ಚುಚ್ಚಿದ ಚಿಗಳಿ ಕೊಡಬಾರದು. ಗಂಟಲಿಗೆ ಸಿಕ್ಕುವ ಅಪಾಯವಿದೆ. ಶೇಂಗಾವನ್ನು ಪುಡಿ ಮಾಡಿಯೇ ಬಳಸಬೇಕು. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನಿಷಿದ್ಧ. ಬೀಜ ಬಿಡಿಸುವುದು, ಕುಟ್ಟುವುದು, ತೂಗುವುದು ಮೂರನೆಯ ತರಗತಿಯ ಮೇಲಿನವರಿಗೆ ಸರಿಹೋಗುತ್ತದೆ. ತಕ್ಕಡಿಯನ್ನು ಮಕ್ಕಳ ಕೈಗೇ ಕೊಡಿ. 250 ಗ್ರಾಂ ಹುಣಸೆಗೆ 200 ಗ್ರಾಂ ಬೆಲ್ಲವಾದರೆ 100 ಗ್ರಾಂಗೆ ಎಷ್ಟು ಎಂಬ ಲೆಕ್ಕವೂ ಅಲ್ಲಿಯೇ ಆಗುತ್ತದೆ. ಚಾಕು ಹಿರಿಯರ ಕೈಯಲ್ಲಿರಲಿ. ಮೆಣಸಿನಪುಡಿ ಮುಟ್ಟಿದ ಕೈ ಕಣ್ಣಿಗೆ ಹೋಗದಂತೆ ಅದನ್ನು ಹಿರಿಯರೇ ಬೆರೆಸಬೇಕು. ಶೇಂಗಾ ತಿಂದು ಮೈ ದದ್ದೆದ್ದ ಅಥವಾ ಉಸಿರು ಕಟ್ಟಿದ ಮಕ್ಕಳಿದ್ದಾರೆಯೇ ಎಂದು ಪ್ರಾತ್ಯಕ್ಷಿಕೆಗೆ ಮೊದಲೇ ತಾಯಂದಿರನ್ನು ಕೇಳಿ ತಿಳಿಯಬೇಕು. ಒಂದು ಒರಳಿಗೆ ಐದು ಮಕ್ಕಳಿಗಿಂತ ಹೆಚ್ಚು ಕೂರಿಸಿದರೆ ಕುಟ್ಟುವವರಿಗಿಂತ ನೆಕ್ಕುವವರೇ ಹೆಚ್ಚಾಗುತ್ತಾರೆ.