ವೆಬ್‌ಸೈಟ್ ತೆರೆಯುವುದು ನಿಧಾನವಾದರೆ ವ್ಯಾಪಾರಕ್ಕೆ ನಷ್ಟವೇ?

ಸಕಲೇಶಪುರದ ಕಡೆ ಒಂದು ಹೋಂಸ್ಟೇ ಇದೆ ಎಂದುಕೊಳ್ಳಿ. ಮಾಲೀಕರು ಹಣ ಕೊಟ್ಟು ಚೆಂದದ ವೆಬ್‌ಸೈಟ್ ಮಾಡಿಸಿದ್ದಾರೆ. ಮೊದಲ ಪುಟದಲ್ಲೇ ಕಾಫಿ ತೋಟ, ಮಂಜು, ಜಲಪಾತದ ಹತ್ತು ದೊಡ್ಡ ಚಿತ್ರಗಳು. ಮನೆಯ ವೈಫೈನಲ್ಲಿ ಅವರು ನೋಡಿದಾಗ ಪುಟ ಥಟ್ಟನೆ ತೆರೆಯುತ್ತದೆ. ಆದರೆ ಬಸ್ಸಿನಲ್ಲಿ ಕುಳಿತು, ಎರಡು ಕಡ್ಡಿ ಸಿಗ್ನಲ್ಲಿನಲ್ಲಿ ರೂಮು ಹುಡುಕುತ್ತಿರುವವರಿಗೆ ಕಾಣುವುದು ಬರೀ ಬಿಳಿ ಪರದೆ. ಅವರು ಸ್ವಲ್ಪ ಕಾದು, ಹಿಂದಕ್ಕೆ ಒತ್ತಿ, ಪಟ್ಟಿಯಲ್ಲಿರುವ ಮುಂದಿನ ಹೋಂಸ್ಟೇಗೆ ಹೋಗುತ್ತಾರೆ. ಅಂಗಡಿಗೆ ಬಂದು ವಾಪಸ್ ಹೋದ ಗಿರಾಕಿ ಕಣ್ಣಿಗೆ ಬೀಳುತ್ತಾರೆ. ವೆಬ್‌ಸೈಟಿನಿಂದ ವಾಪಸ್ ಹೋದವರು ಬಂದಿದ್ದೂ ಗೊತ್ತಾಗುವುದಿಲ್ಲ, ಹೋಗಿದ್ದೂ ಗೊತ್ತಾಗುವುದಿಲ್ಲ.

ಹಾಗಾದರೆ ಒಂದೆರಡು ಸೆಕೆಂಡಿನಿಂದ ನಿಜವಾಗಿಯೂ ಅಷ್ಟು ವ್ಯತ್ಯಾಸವಾಗುತ್ತದೆಯೇ? ಪುಟ ನಿಧಾನವಾಗುವುದೇಕೆ? ಅದನ್ನು ಸರಿಪಡಿಸಲು ದೊಡ್ಡ ಖರ್ಚು ಬೇಕೇ? ಒಂದೊಂದಾಗಿ ನೋಡೋಣ.

ನಮ್ಮ ತಾಳ್ಮೆ ಎಷ್ಟು?

ಕಂಪ್ಯೂಟರ್ ಎಷ್ಟು ಹೊತ್ತಿನಲ್ಲಿ ಉತ್ತರ ಕೊಡಬೇಕು ಎಂಬುದು ಹಳೆಯ ಪ್ರಶ್ನೆ. 1968ರಲ್ಲೇ ರಾಬರ್ಟ್ ಮಿಲ್ಲರ್ ಈ ಬಗ್ಗೆ ಪ್ರಬಂಧ ಬರೆದಿದ್ದರು. 1993ರಲ್ಲಿ ಜೇಕಬ್ ನೀಲ್ಸನ್ ಅದನ್ನು ಮೂರು ಮಿತಿಗಳಾಗಿ ಹೇಳಿದರು. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ‘ಒತ್ತಿದ ಕೂಡಲೇ ಆಯಿತು’ ಎನ್ನಿಸುತ್ತದೆ. 1 ಸೆಕೆಂಡಿನವರೆಗೆ ಯೋಚನೆಯ ಎಳೆ ತುಂಡಾಗುವುದಿಲ್ಲ. 10 ಸೆಕೆಂಡು ದಾಟಿದರೆ ಮನಸ್ಸು ಬೇರೆ ಕೆಲಸಕ್ಕೆ ಹೊರಳುತ್ತದೆ. ಯಂತ್ರಗಳು ಬದಲಾದರೂ ನಮ್ಮ ಮೆದುಳು ಬದಲಾಗಿಲ್ಲ, ಹಾಗಾಗಿ ಈ ಮಿತಿಗಳು ಇಂದಿಗೂ ಬಳಕೆಯಲ್ಲಿವೆ.

ವ್ಯಾಪಾರದ ಲೆಕ್ಕ ಏನು ಹೇಳುತ್ತದೆ?

ಮೊಬೈಲಿನಲ್ಲಿ ಪುಟ ತೆರೆಯಲು 3 ಸೆಕೆಂಡಿಗಿಂತ ಹೆಚ್ಚಾದರೆ 53% ಭೇಟಿಗಳು ಅಲ್ಲಿಗೇ ಮುಗಿಯುತ್ತವೆ ಎಂದು ಗೂಗಲ್ 2016ರಲ್ಲಿ ಹೇಳಿತ್ತು. ವೆಬ್‌ಸೈಟ್ ಮಾಡಿಕೊಡುವವರೆಲ್ಲ ಈ ಅಂಕಿಯನ್ನು ಹೇಳುತ್ತಾರೆ. ಆದರೆ ಇಂಥ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. ವೇಗದ ವೆಬ್‌ಸೈಟ್ ಇರುವ ಕಂಪನಿಗೆ ಒಳ್ಳೆಯ ಹೆಸರು, ಒಳ್ಳೆಯ ಬೆಲೆಯೂ ಇರಬಹುದು. ಆಗ ಮಾರಾಟ ಹೆಚ್ಚಿದ್ದು ವೇಗದಿಂದಲೋ ಹೆಸರಿನಿಂದಲೋ ಹೇಳುವುದು ಕಷ್ಟ.

ಇದಕ್ಕೆ ಸರಿಯಾದ ದಾರಿ ಹೋಲಿಕೆಯ ಪರೀಕ್ಷೆ. ನೋಡಲು ಒಂದೇ ಥರ ಇರುವ ಎರಡು ಪುಟ ಮಾಡಿ, ಒಂದನ್ನು ಮಾತ್ರ ವೇಗಗೊಳಿಸಿ, ಬಂದವರನ್ನು ಅರ್ಧ ಅರ್ಧ ಹಂಚಬೇಕು. ಇಟಲಿಯ ವೊಡಾಫೋನ್ ಹೀಗೇ ಮಾಡಿತು. ಮುಖ್ಯ ಭಾಗ ಕಾಣಿಸಿಕೊಳ್ಳುವ ಸಮಯವನ್ನು 31% ಸುಧಾರಿಸಿದ ಪುಟದಲ್ಲಿ ಮಾರಾಟ 8% ಹೆಚ್ಚಿತ್ತು. ಗೂಗಲ್ ತಾನೇ 2009ರಲ್ಲಿ ಉಲ್ಟಾ ಪ್ರಯೋಗ ಮಾಡಿತ್ತು. ಹುಡುಕಾಟದ ಫಲಿತಾಂಶವನ್ನು ಬೇಕೆಂದೇ 100ರಿಂದ 400 ಮಿಲಿಸೆಕೆಂಡು ತಡ ಮಾಡಿದಾಗ ಜನ ಹುಡುಕುವುದು 0.2%ರಿಂದ 0.6% ಕಡಿಮೆಯಾಯಿತು. ಅಂಕಿ ಸಣ್ಣದು. ಆದರೆ ತಡ ಆಗಿದ್ದೂ ಕಣ್ಣು ಮಿಟುಕಿಸುವಷ್ಟೇ ಹೊತ್ತು!

ನಮ್ಮ ಬೆಂಗಳೂರಿನಲ್ಲೇ ಉದಾಹರಣೆಗಳಿವೆ. 2015ರ ಆರಂಭದಲ್ಲಿ ಫ್ಲಿಪ್‌ಕಾರ್ಟ್ ತನ್ನ ಮೊಬೈಲ್ ವೆಬ್‌ಸೈಟ್ ಮುಚ್ಚಿ ಎಲ್ಲರನ್ನೂ ಆ್ಯಪಿನತ್ತ ಕಳಿಸತೊಡಗಿತ್ತು. ಅದೇ ವರ್ಷದ ಕೊನೆಗೆ ‘ಫ್ಲಿಪ್‌ಕಾರ್ಟ್ ಲೈಟ್’ ಎಂಬ ಹಗುರವಾದ ವೆಬ್‌ಸೈಟಿನೊಂದಿಗೆ ಮರಳಿತು. ಜನ ಅದರಲ್ಲಿ ಕಳೆಯುವ ಸಮಯ ಹಿಂದಿನ ಮೊಬೈಲ್ ಸೈಟಿಗಿಂತ ಮೂರು ಪಟ್ಟಾಯಿತು ಎಂದು ವರದಿಯಾಯಿತು. ಬಸ್ ಟಿಕೆಟ್ ಮಾರುವ ರೆಡ್‌ಬಸ್, ಪುಟವನ್ನು ಮುಟ್ಟಿದಾಗ ಬೇಗ ಸ್ಪಂದಿಸುವಂತೆ ಸುಧಾರಿಸಿಕೊಂಡು ಮಾರಾಟವನ್ನು 7% ಹೆಚ್ಚಿಸಿಕೊಂಡಿತು.

ಪುಟ ನಿಧಾನವಾಗುವುದೇಕೆ?

ಮೊದಲ ಕಾರಣ ದೂರ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿ 13,000 ಕಿ.ಮೀ.ಗಿಂತ ದೂರ. ಹೋಗಿ ಬರಲು ಕನಿಷ್ಠ 130 ಮಿಲಿಸೆಕೆಂಡು ಬೇಕು. ಆದರೆ ಒಂದು ಸಲ ಹೋಗಿ ಬಂದರೆ ಮುಗಿಯುವುದಿಲ್ಲ. ಸಂಪರ್ಕ ಕಟ್ಟಲು ಒಂದು ಸುತ್ತು, ಸುರಕ್ಷತೆಯ ಬೀಗ ಹಾಕಲು ಇನ್ನೊಂದು, ಪುಟ ಕೇಳಿ ಪಡೆಯಲು ಮತ್ತೊಂದು. ಒಟ್ಟು 390 ಮಿಲಿಸೆಕೆಂಡು. ಕೇಬಲ್ಲುಗಳು ನೆಟ್ಟಗೆ ಹೋಗುವುದಿಲ್ಲವಾದ್ದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಅದೇ ಸರ್ವರ್ 850 ಕಿ.ಮೀ. ದೂರದ ಮುಂಬೈಯಲ್ಲಿದ್ದರೆ ಒಂದು ಸುತ್ತಿಗೆ 10 ಮಿಲಿಸೆಕೆಂಡಿಗಿಂತ ಕಡಿಮೆ ಸಾಕು ಎನ್ನುತ್ತದೆ ಇದೇ ಲೆಕ್ಕ.

ಎರಡನೆಯದು ತೂಕ. ಇಂಟರ್‌ನೆಟ್ ವೇಗವನ್ನು ಮೆಗಾಬಿಟ್‌ನಲ್ಲೂ ಫೈಲಿನ ಗಾತ್ರವನ್ನು ಮೆಗಾಬೈಟ್‌ನಲ್ಲೂ ಹೇಳುತ್ತಾರೆ. ಒಂದು ಬೈಟ್ ಎಂದರೆ 8 ಬಿಟ್. ಆದ್ದರಿಂದ 12 ಎಂಬಿ ತೂಕದ ಪುಟ 4 ಎಂಬಿಪಿಎಸ್ ಸಂಪರ್ಕದಲ್ಲಿ ಇಳಿಯಲು 3 ಸೆಕೆಂಡಲ್ಲ, 24 ಸೆಕೆಂಡು ಬೇಕು. ಅದನ್ನೇ 1 ಎಂಬಿಗೆ ಇಳಿಸಿದರೆ 2 ಸೆಕೆಂಡು.

ಮೂರನೆಯದು ಫೋನಿನ ಮೇಲಿನ ಹೊರೆ. ಪುಟದೊಂದಿಗೆ ಬರುವ ಜಾವಾಸ್ಕ್ರಿಪ್ಟ್ ಇಳಿದರೆ ಸಾಲದು, ಅದನ್ನು ಫೋನಿನ ಪ್ರೊಸೆಸರ್ ಓದಿ ನಡೆಸಬೇಕು. ಜಾರುವ ಚಿತ್ರಗಳು, ಚಾಟ್ ಪೆಟ್ಟಿಗೆ, ಜಾಹೀರಾತು, ಬಂದವರನ್ನು ಎಣಿಸುವ ನಾಲ್ಕಾರು ಕೋಡುಗಳು ಎಲ್ಲವೂ ಸೇರಿದರೆ ಅಗ್ಗದ ಫೋನು ಏದುಸಿರು ಬಿಡುತ್ತದೆ. ಬಟನ್ ಕಾಣುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ.

ಕೆಲವು ತಪ್ಪು ತಿಳಿವಳಿಕೆಗಳು

‘ಈಗ ಎಲ್ಲ ಕಡೆ 5ಜಿ ಬಂದಿದೆ, ವೇಗದ ಚಿಂತೆ ಬೇಡ.’ ವೇಗದ ಸಂಪರ್ಕ ಎರಡನೇ ಕಾರಣವನ್ನು ಮಾತ್ರ ಕಡಿಮೆ ಮಾಡುತ್ತದೆ. ಸರ್ವರಿನ ದೂರವೂ ಫೋನಿನ ಹೊರೆಯೂ ಹಾಗೆಯೇ ಉಳಿಯುತ್ತವೆ.

‘ನನ್ನ ಫೋನಿನಲ್ಲಿ ಬೇಗ ತೆರೆಯುತ್ತದಲ್ಲ!’ ನೀವು ದಿನವೂ ನೋಡುವ ಪುಟದ ಚಿತ್ರಗಳನ್ನು ಬ್ರೌಸರ್ ಮೊದಲೇ ಉಳಿಸಿಕೊಂಡಿರುತ್ತದೆ. ಇದಕ್ಕೆ ಕ್ಯಾಶ್ ಎನ್ನುತ್ತಾರೆ. ಹೊಸ ಗಿರಾಕಿಗೆ ಆ ಅನುಕೂಲವಿಲ್ಲ. ಖಾಸಗಿ ಕಿಟಕಿ ತೆರೆದು, ವೈಫೈ ಆರಿಸಿ, ಮನೆಯ ಹಳೆಯ ಫೋನಿನಲ್ಲಿ ನೋಡಿ.

‘ಕನ್ನಡದಲ್ಲಿ ಬರೆದರೆ ಪುಟ ಭಾರವಾಗುತ್ತದೆ.’ ಇದರಲ್ಲಿ ಎಳ್ಳಷ್ಟು ನಿಜವಿದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕಾದರೆ ಯೂನಿಕೋಡಿನ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕು. ಕ, ವಿರಾಮ ಚಿಹ್ನೆ, ಷ ಸೇರಿ ಆಗುವ ‘ಕ್ಷ’ಕ್ಕೆ 9 ಬೈಟ್. ಆದರೂ ಸಾವಿರ ಪದಗಳ ಕನ್ನಡ ಬರಹ ಸುಮಾರು 25 ಕೆಬಿ ಆಗಬಹುದು, ಕಳಿಸುವಾಗ ಕುಗ್ಗಿಸಿದರೆ ಇನ್ನೂ ಚಿಕ್ಕದು. ಮೊಬೈಲಿನಲ್ಲಿ ತೆಗೆದ ಒಂದೇ ಫೋಟೋ 3 ಎಂಬಿ ಇರುತ್ತದೆ. ಭಾರ ಭಾಷೆಯದಲ್ಲ, ಚಿತ್ರದ್ದು. ಆದರೆ ಅಲಂಕಾರಕ್ಕೆಂದು ನಾಲ್ಕೈದು ಬಗೆಯ ಕನ್ನಡ ಫಾಂಟ್ ಸೇರಿಸಿದರೆ ಮಾತ್ರ ತೂಕ ಹೆಚ್ಚುತ್ತದೆ. ಒಂದೆರಡು ಸಾಕು.

‘100ಕ್ಕೆ 100 ಅಂಕ ಬಂದರೆ ಗೂಗಲ್‌ನಲ್ಲಿ ಮೊದಲ ಸ್ಥಾನ.’ ಗೂಗಲ್ 2010ರಿಂದ ಕಂಪ್ಯೂಟರಿನ ಹುಡುಕಾಟದಲ್ಲೂ 2018ರ ಜುಲೈನಿಂದ ಮೊಬೈಲಿನ ಹುಡುಕಾಟದಲ್ಲೂ ವೇಗವನ್ನು ಗಣಿಸುತ್ತಿರುವುದು ನಿಜ. ಆದರೆ ಅದು ಹಲವು ಅಂಶಗಳಲ್ಲಿ ಒಂದು. ಜನ ಹುಡುಕುವ ವಿಷಯ ನಿಮ್ಮ ಪುಟದಲ್ಲಿ ಇಲ್ಲದಿದ್ದರೆ ವೇಗ ಒಂದರಿಂದಲೇ ಮೇಲೇರಲಾಗದು. ಅಂಕದ ಆಸೆ ತೋರಿಸಿ ಹಣ ಕೇಳುವವರ ಬಗ್ಗೆ ಎಚ್ಚರವಿರಲಿ.

ಅಳೆಯುವುದು ಹೇಗೆ?

ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಉಚಿತ. ವಿಳಾಸ ಕೊಟ್ಟರೆ ಮೂರು ಮುಖ್ಯ ಅಳತೆ ಸಿಗುತ್ತದೆ. ಪುಟದ ಅತಿ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಮುಟ್ಟಿದಾಗ 200 ಮಿಲಿಸೆಕೆಂಡಿನೊಳಗೆ ಪರದೆ ಸ್ಪಂದಿಸಬೇಕು. ಓದುತ್ತಿರುವಾಗ ಪುಟ ಅತ್ತಿತ್ತ ಜಿಗಿಯುವ ಪ್ರಮಾಣ 0.1 ಮೀರಬಾರದು. ನೂರು ಭೇಟಿಗಳಲ್ಲಿ 75ಕ್ಕಾದರೂ ಹೀಗಿದ್ದರೆ ‘ಚೆನ್ನಾಗಿದೆ’ ಎಂದರ್ಥ. ಸಾಕಷ್ಟು ಜನ ಬರುವ ವೆಬ್‌ಸೈಟ್ ಆದರೆ ಕಳೆದ 28 ದಿನಗಳ ನಿಜವಾದ ಬಳಕೆದಾರರ ಅನುಭವವೂ ಅಲ್ಲಿರುತ್ತದೆ. ಪ್ರಯೋಗದ ಅಂಕಕ್ಕಿಂತ ಅದನ್ನೇ ಮೊದಲು ನೋಡಿ.

ಎಲ್ಲಿಂದ ಶುರು ಮಾಡಬೇಕು?

1. ಚಿತ್ರಗಳು: ಫೋನಿನ ಫೋಟೋವನ್ನು ಹಾಗೇ ಏರಿಸಬೇಡಿ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಮಾದರಿಯಲ್ಲಿ ಉಳಿಸಿ. 3 ಎಂಬಿಯ ಚಿತ್ರ ಸಾಮಾನ್ಯವಾಗಿ 200 ಕೆಬಿ ಆಸುಪಾಸಿಗೆ ಬರುತ್ತದೆ. ಖರ್ಚಿಲ್ಲದ, ಹೆಚ್ಚು ಫಲ ಕೊಡುವ ಕೆಲಸ ಇದೇ.

2. ಕೆಳಗಿನ ಚಿತ್ರಗಳು ಆಮೇಲೆ ಬರಲಿ: ಓದುಗರು ಕೆಳಗೆ ಸರಿದಾಗ ಮಾತ್ರ ಇಳಿಯುವಂತೆ ಮಾಡುವ ‘ಲೇಜಿ ಲೋಡಿಂಗ್’ ಬಳಸಿ. ಆದರೆ ಮೇಲ್ಭಾಗದ ಮುಖ್ಯ ಚಿತ್ರಕ್ಕೆ ಇದನ್ನು ಹಾಕಬೇಡಿ, ಅದು ಇನ್ನೂ ತಡವಾಗುತ್ತದೆ.

3. ಅಳತೆ ಹೇಳಿ: ಪ್ರತಿ ಚಿತ್ರದ ಅಗಲ, ಎತ್ತರ ಮೊದಲೇ ತಿಳಿಸಿದರೆ ಬ್ರೌಸರ್ ಜಾಗ ಕಾದಿರಿಸುತ್ತದೆ, ಪುಟ ಜಿಗಿಯುವುದಿಲ್ಲ.

4. ಬೇಡದ್ದನ್ನು ತೆಗೆಯಿರಿ: ಪ್ಲಗಿನ್‌ಗಳನ್ನು ಒಂದೊಂದಾಗಿ ನೋಡಿ, ಆರು ತಿಂಗಳಿಂದ ಯಾರೂ ಬಳಸದ ಚಾಟ್ ಪೆಟ್ಟಿಗೆ ಯಾಕೆ?

5. ಕ್ಯಾಶ್, ಕುಗ್ಗಿಸುವಿಕೆ, ಸಿಡಿಎನ್: ಇವು ಆನ್ ಆಗಿವೆಯೇ ಎಂದು ಹೋಸ್ಟಿಂಗ್ ಕೊಟ್ಟವರನ್ನು ಕೇಳಿ. ಸಿಡಿಎನ್ ಎಂದರೆ ನಿಮ್ಮ ಪುಟದ ಪ್ರತಿಯನ್ನು ಓದುಗರಿಗೆ ಹತ್ತಿರದ ಊರಿನಲ್ಲಿ ಇಟ್ಟು ಕೊಡುವ ವ್ಯವಸ್ಥೆ. ಸಣ್ಣ ಸೈಟುಗಳಿಗೆ ಉಚಿತವಾಗಿಯೂ ಸಿಗುತ್ತದೆ.

6. ಸರ್ವರ್ ಕೊನೆಗೆ: ಮೇಲಿನದ್ದೆಲ್ಲ ಮಾಡಿಯೂ ನಿಧಾನವಾಗಿದ್ದರೆ ಮಾತ್ರ ಹೋಸ್ಟಿಂಗ್ ಬದಲಿಸುವ ಯೋಚನೆ ಮಾಡಿ. ಗಿರಾಕಿಗಳು ಇಲ್ಲಿಯವರಾದರೆ ಸರ್ವರ್ ಕೂಡ ಭಾರತದಲ್ಲಿರಲಿ.

ಒಂದು ಮಾತು ನೆನಪಿರಲಿ. ವೇಗ ಇದ್ದ ಮಾತ್ರಕ್ಕೆ ಕೆಟ್ಟ ಸರಕು ಮಾರಾಟವಾಗುವುದಿಲ್ಲ. ಅದು ಮಾಡುವುದು ಇಷ್ಟೇ: ಬಾಗಿಲ ತನಕ ಬಂದವರನ್ನು ಒಳಗೆ ಬಿಡುವುದು. ಹೋಂಸ್ಟೇ ಮಾಲೀಕರು ಆ ಹತ್ತು ಚಿತ್ರಗಳನ್ನು ಚಿಕ್ಕದು ಮಾಡಿ, ಫೋನ್ ನಂಬರನ್ನೂ ಬಾಡಿಗೆಯನ್ನೂ ಎಲ್ಲಕ್ಕಿಂತ ಮೊದಲು ಕಾಣುವಂತೆ ಇಟ್ಟರೆ, ಬಸ್ಸಿನಲ್ಲಿರುವವರು ಮುಂದಿನ ತಿರುವಿನಲ್ಲಿ ಸಿಗ್ನಲ್ ಹೋಗುವ ಮೊದಲೇ ಫೋನ್ ಮಾಡಬಹುದು.